ಮೊದಲ ಕ್ರೆಡಿಟ್ ಕಾರ್ಡ್: ಬಿಲ್ ಪೂರ್ತಿ ಕಟ್ಟಿ

ಭದ್ರಾವತಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಈಗಷ್ಟೇ ಕೆಲಸಕ್ಕೆ ಸೇರಿದವರು, ಅಪ್ಪನ ಜೊತೆ ತೋಟ ನೋಡಿಕೊಳ್ಳುತ್ತಿರುವ ಹುಡುಗರು, ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಹೆಣ್ಣುಮಕ್ಕಳು, ಈ ಮಾತು ನಿಮಗೆ. ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಿ, ಹೆದರಬೇಡಿ. ಆದರೆ ಪ್ರತಿ ತಿಂಗಳು ಬಿಲ್ ಪೂರ್ತಿ ಕಟ್ಟಿ. ನಾನು ಬಂದಿರುವುದೇ ಇದೊಂದು ಮಾತು ಹೇಳಲು.

ಕಾರ್ಡ್ ಯಾಕೆ ಬೇಕು? ನಾಳೆ ಮನೆಸಾಲ ಕೇಳಿದರೆ ಬ್ಯಾಂಕಿನವರು ಸಿಬಿಲ್ ಸ್ಕೋರ್, ಅಂದರೆ ಸಾಲ ಸರಿಯಾಗಿ ತೀರಿಸುತ್ತೀರಾ ಅಂತ ತೋರಿಸುವ ಅಂಕ, ನೋಡುತ್ತಾರೆ. ಅದು 300ರಿಂದ 900ರವರೆಗೆ ಇರುತ್ತದೆ, 750 ದಾಟಿದರೆ ಒಳ್ಳೆಯದು. ಸಾಲವನ್ನೇ ಮಾಡದವರಿಗೆ ಸ್ಕೋರೇ ಇರುವುದಿಲ್ಲ. ಸಣ್ಣದಾಗಿ ಖರ್ಚು ಮಾಡಿ, ಪೂರ್ತಿ ಕಟ್ಟಿದರೆ ಆ ದಾಖಲೆ ಬೆಳೆಯುತ್ತದೆ.

ಸಂಬಳದ ಸ್ಲಿಪ್ ಇಲ್ಲವೇ? ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟು, ಅದರ ಮೇಲೆ ಕಾರ್ಡ್ ಕೇಳಿ. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ. ವರ್ಷದ ಶುಲ್ಕ ಇಲ್ಲದ ಕಾರ್ಡ್ ಸಾಕು.

ಹೊಸನಗರ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಕೈಯಲ್ಲಿ ಕಾರ್ಡ್ ಸ್ಟೇಟ್‌ಮೆಂಟು. "ಸರ್, ತಿಂಗಳು ತಪ್ಪದೆ ಕಟ್ತಾ ಇದೀನಿ. ಬಾಕಿ ಇಳೀತಾನೇ ಇಲ್ಲ" ಅಂದ. ತೋಟಕ್ಕೆಂದು 20,000 ರೂಪಾಯಿಯ ವೀಡ್ ಕಟರ್ ತಂದಿದ್ದ. ಸ್ಟೇಟ್‌ಮೆಂಟಿನಲ್ಲಿ ಎರಡು ಅಂಕಿ ಇತ್ತು. ಟೋಟಲ್ ಡ್ಯೂ, ಅಂದರೆ ಪೂರ್ತಿ ಬಾಕಿ, 20,000. ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕನಿಷ್ಠ ಕಟ್ಟಬೇಕಾದ್ದು, 1,000. ಇವನು ಸಾವಿರ ಕಟ್ಟಿ ಸುಮ್ಮನಾಗಿದ್ದ. ಕೊಯ್ಲು ಮುಗಿದು ಅಡಿಕೆ ಮಾರಿದ ಮೇಲೆ ಉಳಿದದ್ದು ಒಟ್ಟಿಗೆ ಕೊಟ್ಟರಾಯಿತು ಅಂತ. ನಮ್ಮ ಮಂಡಿಯಲ್ಲಿ ಹಾಗೆಯೇ ಅಲ್ವಾ? ಮುಂಗಡ ತರುತ್ತೇವೆ, ಅಡಿಕೆ ಹಾಕಿದಾಗ ಲೆಕ್ಕ ಚುಕ್ತಾ. ಕಾರ್ಡಿನವರು ಕೊಯ್ಲಿಗೆ ಕಾಯುವುದಿಲ್ಲ. ಪೆನ್ನು ಕೊಟ್ಟು ಅವನ ಕೈಯಲ್ಲೇ ಲೆಕ್ಕ ಹಾಕಿಸಿದೆ. ತಿಂಗಳಿಗೆ ಶೇಕಡಾ 3.5ರಂತೆ 20,000ಕ್ಕೆ ಬಡ್ಡಿ 700. ಅದರ ಮೇಲೆ ಜಿಎಸ್‌ಟಿ 126. ಕಟ್ಟಿದ ಸಾವಿರದಲ್ಲಿ ಅಸಲಿಗೆ ಹೋಗುವುದು 174 ರೂಪಾಯಿ! ಸಾಲದ್ದಕ್ಕೆ, ಬಾಕಿ ಇರುವಾಗ ಅದೇ ಕಾರ್ಡಿನಲ್ಲಿ ತಂದ ದಿನಸಿಗೂ ತಂದ ದಿನದಿಂದಲೇ ಬಡ್ಡಿ. ಸೊಸೈಟಿಯಲ್ಲಿ ಕಡಿಮೆ ಬಡ್ಡಿಗೆ ಸಾಲ ತೆಗೆಸಿ, ಕಾರ್ಡಿನ ಬಾಕಿ ಪೂರ್ತಿ ತೀರಿಸಲು ಹೇಳಿದೆ. ತೀರಿಸಿದ.

ಎಷ್ಟು ಸಲ ಹೇಳಿದರೂ ಜನ ಆ ಮಿನಿಮಮ್ ಅನ್ನೋ ಅಂಕಿಯನ್ನೇ ನೋಡುತ್ತಾರೆ. ದಯವಿಟ್ಟು ಅದನ್ನು ನೋಡಲೇಬೇಡಿ. ಪೂರ್ತಿ ಕಟ್ಟಿ.

ಸಮಯ ಆಗುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಎಟಿಎಮ್ಮಿನಲ್ಲಿ ಈ ಕಾರ್ಡ್ ಹಾಕಿ ದುಡ್ಡು ತೆಗೆಯಬೇಡಿ, ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ಸ್ಕೋರ್ ಚೆನ್ನಾಗಿರಬೇಕಾದರೆ, ಕಾರ್ಡಿನ ಲಿಮಿಟ್ 30,000 ಇದ್ದರೆ 9,000ದೊಳಗೆ ಬಳಸಿ. ಕರೆಂಟ್ ಬಿಲ್ಲು, ಮೊಬೈಲ್ ರೀಚಾರ್ಜಿಗೆ ಅಷ್ಟು ಸಾಕು. ವರ್ಷಕ್ಕೊಮ್ಮೆ ಸಿಬಿಲ್ ವರದಿ ಪುಕ್ಕಟೆ ಸಿಗುತ್ತದೆ, ತೆಗೆದು ನೋಡಿ.

ಕಾರ್ಡ್ ಕೈಗೆ ಬಂದ ಕೂಡಲೇ ಬ್ಯಾಂಕಿಗೆ ಹೋಗಿ ಆಟೋ ಡೆಬಿಟ್ ಹಾಕಿಸಿ, ಬಿಲ್ ದುಡ್ಡು ನಿಮ್ಮ ಖಾತೆಯಿಂದ ತಾನಾಗಿಯೇ ಹೋಗುತ್ತದೆ. ಮಿನಿಮಮ್ ಡ್ಯೂ ಬೇಕೋ, ಟೋಟಲ್ ಡ್ಯೂ ಬೇಕೋ ಅಂತ ಕೇಳುತ್ತಾರೆ. ಟೋಟಲ್ ಡ್ಯೂ ಅನ್ನಿ, ಅಲ್ಲಿಗೇ ಟಿಕ್ ಬಿದ್ದಿದೆಯಾ ಅಂತ ನೋಡಿಕೊಂಡೇ ಸಹಿ ಹಾಕಿ. ನಮಸ್ಕಾರ.