ಒಪ್ಪಿಗೆಯ ಮೇಲೆ ನಿಂತ ನಿಯಮ: ಮ್ಯಾಜಿಕ್ ಆಟಕ್ಕೆ ಅಭಿಮಾನಿಗಳು ಕಟ್ಟಿದ ಫಾರ್ಮ್ಯಾಟ್‌ಗಳು

ಸಭಿಕರೆಲ್ಲರಿಗೂ ನಮಸ್ಕಾರ.

ಇಸ್ಪೀಟು ಆಡಲು ಕೂತವರ ನಡುವೆ ಇರುವುದು ಒಂದೇ ಕಟ್ಟು, ಅದೇ 52 ಎಲೆ. ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿ, ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 1993ರಲ್ಲಿ ಹೊರತಂದ ‘ಮ್ಯಾಜಿಕ್: ದ ಗ್ಯಾದರಿಂಗ್’ ಆಟದಲ್ಲಿ ಹಾಗಲ್ಲ, ಪ್ರತಿಯೊಬ್ಬರೂ ತಾವು ಕೊಂಡ, ಇತರರೊಡನೆ ಬದಲಾಯಿಸಿಕೊಂಡ ಕಾರ್ಡುಗಳಿಂದ ತಮ್ಮದೇ ಡೆಕ್ ಕಟ್ಟಿಕೊಂಡು ಬಂದು ಎದುರುಬದುರು ಕೂರುತ್ತಾರೆ. ಹಾಗಾಗಿ ಯಾವ ಕಾರ್ಡುಗಳು ಸಲ್ಲುತ್ತವೆ, ಒಂದೊಂದರ ಎಷ್ಟು ಪ್ರತಿ ಇರಬಹುದು, ಡೆಕ್ ಎಷ್ಟು ದೊಡ್ಡದಿರಬೇಕು ಎಂಬುದು ಆಟಕ್ಕೆ ಮೊದಲೇ ಇತ್ಯರ್ಥವಾಗಬೇಕು. ಆ ಕಟ್ಟಳೆಗೆ ಫಾರ್ಮ್ಯಾಟ್ ಎನ್ನುತ್ತೇವೆ. ಕಂಪನಿ ಹಾಕಿಕೊಟ್ಟ ಫಾರ್ಮ್ಯಾಟ್‌ಗಳಿಗೆ ಪಂದ್ಯಾವಳಿ, ಬಹುಮಾನ, ತೀರ್ಪುಗಾರರ ಬೆಂಬಲವಿರುತ್ತದೆ. ಅಭಿಮಾನಿ ಕಟ್ಟಿದ್ದಕ್ಕೆ ಎದುರಿಗೆ ಕೂತವರ ಒಪ್ಪಿಗೆಯೊಂದೇ ಆಸರೆ. ಆದ್ದರಿಂದ ಅದರ ಪ್ರತಿಯೊಂದು ನಿಯಮದ ಕಾರಣವೂ ಆಡುವವರಿಗೆ ತಾನಾಗಿ ಕಾಣುವಂತಿರಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಇಂದು ‘ಕಮಾಂಡರ್’ ಎಂದು ಹೆಸರಾಗಿರುವ ಫಾರ್ಮ್ಯಾಟನ್ನೇ ನೋಡೋಣ. 1990ರ ದಶಕದಲ್ಲಿ ಅಲಾಸ್ಕದ ಆಟಗಾರರ ಗುಂಪೊಂದರಲ್ಲಿ ಅದು ಹುಟ್ಟಿದಾಗ ಅದರ ಹೆಸರು ‘ಎಲ್ಡರ್ ಡ್ರ್ಯಾಗನ್ ಹೈಲ್ಯಾಂಡರ್’. 1994ರ ‘ಲೆಜೆಂಡ್ಸ್’ ಎಂಬ ಕಾರ್ಡುಗಳ ಸೆಟ್ಟಿನಲ್ಲಿ ಬಂದ 5 ಹಿರಿಯ ಡ್ರ್ಯಾಗನ್‌ಗಳಲ್ಲಿ ಒಂದನ್ನು ನಾಯಕನನ್ನಾಗಿ ಆರಿಸಿಕೊಂಡು, ಅದನ್ನೂ ಸೇರಿಸಿ 100 ಕಾರ್ಡುಗಳ ಡೆಕ್ ಕಟ್ಟಬೇಕಿತ್ತು. ಇತರ ಕಾರ್ಡುಗಳನ್ನು ಆಡಲು ಶಕ್ತಿ ಒದಗಿಸುವ ‘ಬೇಸಿಕ್ ಲ್ಯಾಂಡ್’ ಕಾರ್ಡುಗಳನ್ನು ಬಿಟ್ಟು ಯಾವ ಕಾರ್ಡೂ ಎರಡು ಸಲ ಬರಬಾರದು. ಒಬ್ಬನೇ ನಾಯಕನಿಂದ 21 ಪೆಟ್ಟು ತಿಂದವರು ಸೋತಂತೆ ಎಂಬ ನಿಯಮ ಹೊಸಬರಿಗೆ ವಿಚಿತ್ರವೆನಿಸುತ್ತದೆ. ಆದರೆ ಆ 5 ಡ್ರ್ಯಾಗನ್‌ಗಳಲ್ಲಿ ಪ್ರತಿಯೊಂದರ ಬಲವೂ 7. ಏಳು ಮೂರಲೆ ಇಪ್ಪತ್ತೊಂದು: ಡ್ರ್ಯಾಗನ್ ಮೂರು ಸಲ ಎರಗಿದರೆ ಆಟ ಮುಗಿಯಿತು. ಡ್ರ್ಯಾಗನ್‌ಗಳ ಜಾಗಕ್ಕೆ ಬೇರೆ ನಾಯಕರು ಬಂದು ಎಷ್ಟೋ ವರ್ಷಗಳಾದರೂ ಆ 21 ಹಾಗೆಯೇ ಉಳಿದಿದೆ.

ಆ ನಿಯಮದ ನಿಜವಾದ ಬೆಲೆ ತಿಳಿಯಬೇಕಾದರೆ ಅದರ ಪಕ್ಕದ ನಿಯಮವನ್ನು ನೋಡಬೇಕು. ಇಬ್ಬರು ಆಡುವ ಸಾಮಾನ್ಯ ಆಟದಲ್ಲಿ ಪ್ರತಿಯೊಬ್ಬರೂ 20 ಲೈಫ್‌ನಿಂದ ಆರಂಭಿಸುತ್ತಾರೆ, ಒಂದೊಂದು ಪೆಟ್ಟಿಗೂ ಒಂದು ಕಳೆಯುತ್ತಾ ಹೋಗಿ ಸೊನ್ನೆಯಾದವರು ಸೋತಂತೆ. ಕಮಾಂಡರ್‌ನಲ್ಲಿ 40ರಿಂದ, ಅದೂ ಹೆಚ್ಚಾಗಿ ನಾಲ್ವರು ಸೇರಿ. ‘ಲೈಟ್ನಿಂಗ್ ಬೋಲ್ಟ್’ ಎಂಬ ಹೆಸರಾಂತ ಕಾರ್ಡು 3 ಪೆಟ್ಟು ಕೊಡುತ್ತದೆ. ಅದರಿಂದಲೇ ಗೆಲ್ಲಬೇಕೆಂದರೆ 20 ಲೈಫ್‌ನ ಎದುರಾಳಿಗೆ 7 ಬೋಲ್ಟ್ ಸಾಕು. 40 ಲೈಫ್‌ನ ಮೂವರಿಗೆ 42 ಬೇಕು, ಆದರೆ ಡೆಕ್‌ನಲ್ಲಿ ಒಂದಕ್ಕಿಂತ ಹೆಚ್ಚು ಇಡುವಂತಿಲ್ಲ. ಒಂದು ಅಂಕಿಯನ್ನು ಬದಲಿಸಿದ ಮಾತ್ರಕ್ಕೆ ಬೇಗ ಹೊಡೆದು ಮುಗಿಸುವ ಆಟಗಾರರ ದಾರಿ ಕಿರಿದಾಗಿ, ನಿಧಾನವಾಗಿ ಭಾರಿ ಜೀವಿಗಳನ್ನು ಇಳಿಸುವವರ ದಾರಿ ಅಗಲವಾಯಿತು. 21ರ ನಿಯಮವಾದರೋ ನಾಯಕನನ್ನು ಮುಂದಿಟ್ಟು ದಾಳಿ ಮಾಡುವವರಿಗೆ, 40 ಲೈಫ್ ಪೂರ್ತಿ ಕರಗಿಸದೆಯೇ ಗೆಲ್ಲುವ ಬಾಗಿಲೊಂದನ್ನು ತೆರೆದಿಟ್ಟಿತು. ಹೊಸ ಫಾರ್ಮ್ಯಾಟ್ ಕಟ್ಟಲು ಹೊರಡುವವರು ಈ ಲೆಕ್ಕವನ್ನು ಮೊದಲು ಕಾಗದದ ಮೇಲೆ ಹಾಕಿ ನೋಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಕಮಾಂಡರ್ ಬದಲಿಸಿದ್ದು ಆಟದ ಅಂಕಿಗಳನ್ನು. 2012ರಲ್ಲಿ ಸ್ವೀಡನ್ನಿನ ಆಟಗಾರರೊಬ್ಬರು ರೂಪಿಸಿದ ‘ಪ್ರೀಮಾಡರ್ನ್’ ಅವುಗಳನ್ನು ಮುಟ್ಟದೆ ಕಾಲಕ್ಕೆ ಬೇಲಿ ಹಾಕಿತು. 1995ರಲ್ಲಿ ಬಂದ ಮೂಲ ಸೆಟ್ಟಿನ ನಾಲ್ಕನೆಯ ಆವೃತ್ತಿಯಿಂದ 2003ರ ‘ಸ್ಕರ್ಜ್’ ಸೆಟ್ಟಿನವರೆಗಿನ ಕಾರ್ಡುಗಳು ಮಾತ್ರ ಅದರಲ್ಲಿ ಸಲ್ಲುತ್ತವೆ. ಬೇಲಿಯ ಎರಡು ಕೊನೆಗಳೂ ಅರ್ಥಪೂರ್ಣವಾಗಿವೆ. ‘ಬ್ಲ್ಯಾಕ್ ಲೋಟಸ್’ನಂತಹ ಅತಿ ದುಬಾರಿ ಕಾರ್ಡುಗಳ ಮುದ್ರಣ 1995ಕ್ಕೆ ಮುಂಚೆಯೇ ನಿಂತಿದ್ದರಿಂದ ಅವು ತಾವಾಗಿಯೇ ಹೊರಗುಳಿದವು, 2003ರ ಎಂಟನೆಯ ಆವೃತ್ತಿಯಲ್ಲಿ ಕಾರ್ಡಿನ ಚೌಕಟ್ಟಿನ ವಿನ್ಯಾಸವೇ ಬದಲಾದ್ದರಿಂದ, ಹಳೆಯ ಚೌಕಟ್ಟಿನ ಕಾಲ ಅಲ್ಲಿಗೆ ಮುಗಿಯಿತು ಎಂಬುದು ಕಣ್ಣಿಗೇ ಕಾಣುತ್ತದೆ. ಇಷ್ಟು ಸರಳವಾದ ಗಡಿಯನ್ನು ಹುಡುಕುವುದು ಸುಲಭವಲ್ಲ, ನಾನಂತೂ ಅದನ್ನು ಬಹಳ ಮೆಚ್ಚುತ್ತೇನೆ. ಸುಲಭವಾಗಿ ಸಿಗುವ ‘ಕಾಮನ್’ ದರ್ಜೆಯಲ್ಲಿ ಎಂದಾದರೂ ಅಚ್ಚಾದ ಕಾರ್ಡುಗಳಿಗಷ್ಟೇ ಅವಕಾಶ ಕೊಡುವ ‘ಪಾಪರ್’ ಕೂಡ ಇದೇ ಜಾತಿಗೆ ಸೇರಿದ್ದು. ‘ಕೆನೇಡಿಯನ್ ಹೈಲ್ಯಾಂಡರ್’ ಮಾತ್ರ ಬಲಿಷ್ಠ ಕಾರ್ಡುಗಳಿಗೆ ಅಂಕ ನಿಗದಿಮಾಡಿ, ಒಂದು ಡೆಕ್‌ಗೆ ಒಟ್ಟು 10 ಅಂಕ ಮೀರಬಾರದೆನ್ನುತ್ತದೆ.

ಕಾರ್ಡುಗಳ ನಿಷೇಧಕ್ಕೆ ಬಂದಾಗಲೇ ಒಪ್ಪಿಗೆಯ ನಿಜವಾದ ಪರೀಕ್ಷೆ. ತೀರ್ಪುಗಾರರಾಗಿದ್ದ ಶೆಲ್ಡನ್ ಮೆನೆರಿ ಕಮಾಂಡರ್ ಆಟವನ್ನು ಅಲಾಸ್ಕದಿಂದ ಹೊರಗೆ ಹರಡಿದವರು. ಅವರೂ ಅವರ ಜೊತೆಗಾರರೂ ಇದ್ದ ಸ್ವತಂತ್ರ ಸಮಿತಿಯೇ ಅದರ ನಿಯಮಗಳನ್ನು ನೋಡಿಕೊಳ್ಳುತ್ತಿತ್ತು. 2011ರಲ್ಲಿ ಕಂಪನಿ ಕಮಾಂಡರ್ ಡೆಕ್‌ಗಳನ್ನು ತಾನೇ ಮಾರಲು ತೊಡಗಿದ ಮೇಲೂ ಆ ಏರ್ಪಾಡು ಮುಂದುವರಿಯಿತು. ಮೆನೆರಿ 2023ರಲ್ಲಿ ತೀರಿಕೊಂಡರು. 2024ರ ಸೆಪ್ಟೆಂಬರಿನಲ್ಲಿ ಸಮಿತಿ 4 ಕಾರ್ಡುಗಳನ್ನು ನಿಷೇಧಿಸಿತು. ಅವುಗಳಲ್ಲಿ ‘ಮಾನಾ ಕ್ರಿಪ್ಟ್’, ‘ಜ್ಯೂವೆಲ್ಡ್ ಲೋಟಸ್’ಗಳಂಥವು ಬಹಳ ಬೆಲೆಬಾಳುವಂಥವು, ಹಣ ಸುರಿದು ಕೊಂಡವರ ಸಿಟ್ಟು ಸಮಿತಿಯ ಸದಸ್ಯರಿಗೆ ಬೆದರಿಕೆ ಹಾಕುವವರೆಗೂ ಹೋಯಿತು. ಆ ತಿಂಗಳು ಮುಗಿಯುವಷ್ಟರಲ್ಲಿ ಫಾರ್ಮ್ಯಾಟಿನ ಹೊಣೆ ಕಂಪನಿಯ ಕೈಗೆ ಸೇರಿತು. ಇದು ನನ್ನನ್ನು ಈಗಲೂ ನೋಯಿಸುತ್ತದೆ. ನಿಷೇಧ ತಪ್ಪೆಂದು ನಾನು ಹೇಳುತ್ತಿಲ್ಲ. ಆಟವನ್ನು ಅತಿ ಬೇಗ ಮುಗಿಸಿಬಿಡುವ ಕಾರ್ಡುಗಳ ವಿಷಯದಲ್ಲಿ ಸಮಿತಿ ಕೊಟ್ಟ ಕಾರಣ ಸರಿಯಾಗಿಯೇ ಇತ್ತು. ಆದರೆ ವರ್ಷಗಳ ಕಾಲ ಹೆಚ್ಚುಕಡಿಮೆ ಅಲುಗದಿದ್ದ ಪಟ್ಟಿಯೊಂದು ಹಠಾತ್ತನೆ ಅಲುಗಿದಾಗ, ಜನ ಆ ಕಾರಣವನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಹಾಗಾಗಿ ನಿಮ್ಮ ಫಾರ್ಮ್ಯಾಟಿನ ಮೊದಲ ಪುಟದಲ್ಲೇ, ನಿಷೇಧ ಪಟ್ಟಿಯನ್ನು ಯಾರು, ವರ್ಷಕ್ಕೆ ಎಷ್ಟು ಸಲ, ಏನನ್ನು ನೋಡಿ ತಿದ್ದುತ್ತಾರೆ ಎಂಬುದನ್ನು ಬರೆದಿಡಿ. ಪಟ್ಟಿ ಖಾಲಿಯಿದ್ದರೂ ಬರೆದಿಡಿ.