ಪೆಟ್ಟು ಮೊದಲೋ, ಲೈಫ್ ಮೊದಲೋ?

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಕಾರ್ಡ್ ಆಟದ ಹುಚ್ಚಿರುವ ಮಕ್ಕಳಿದ್ದರೆ ಈ ಜಗಳ ನಿಮ್ಮ ಕಿವಿಗೂ ಬಿದ್ದಿರಬಹುದು. "ನೀನು ಸತ್ತೆ ಕಣೋ." "ಇಲ್ಲ, ನಂಗೆ ಲೈಫ್ ಬಂತಲ್ಲ!" "ಸತ್ತ ಮೇಲೆ ಎಲ್ಲಿಂದ ಬರುತ್ತೆ?" ಕೇಳಿದರೆ ಇಬ್ಬರದ್ದೂ ಸರಿ ಅನ್ನಿಸುತ್ತದೆ, ಅಲ್ವಾ? ಇವತ್ತು ಈ ಜಗಳ ಬಿಡಿಸೋಣ.

ನಾನು ಹೇಳುತ್ತಿರುವುದು ಮ್ಯಾಜಿಕ್ ದ ಗ್ಯಾದರಿಂಗ್ ಎಂಬ ಆಟದ ಬಗ್ಗೆ. ರಿಚರ್ಡ್ ಗಾರ್‌ಫೀಲ್ಡ್ ಎಂಬ ಗಣಿತ ಓದಿದ ಮನುಷ್ಯ ಕಟ್ಟಿದ್ದು. 1993ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಇಬ್ಬರಿಗೂ ತಲಾ 20 ಲೈಫ್. ಯಾರದ್ದು ಸೊನ್ನೆಗೆ ಇಳಿಯುತ್ತದೋ ಅವರು ಸೋತರು. ಕಾರ್ಡಿನಲ್ಲಿರುವ ಕ್ರೀಚರ್‌ಗಳನ್ನು ಎದುರಾಳಿಯ ಮೇಲೆ ಬಿಡುತ್ತೀರಿ. ಅವನು ತನ್ನ ಕ್ರೀಚರ್‌ಗಳಿಂದ ಬ್ಲಾಕ್ ಮಾಡುತ್ತಾನೆ. ಬ್ಲಾಕ್ ಆಗದೆ ನುಗ್ಗಿದವು ನೇರವಾಗಿ ಅವನ ಲೈಫ್ ಕಡಿಮೆ ಮಾಡುತ್ತವೆ.

ಕೆಲವು ಕ್ರೀಚರ್‌ಗಳಿಗೆ ಲೈಫ್‌ಲಿಂಕ್ ಎಂಬ ಗುಣ ಇರುತ್ತದೆ. ಅದು ಎಷ್ಟು ಪೆಟ್ಟು ಕೊಡುತ್ತದೋ ಅಷ್ಟು ಲೈಫ್ ಅದರ ಯಜಮಾನನಿಗೆ ಸಿಗುತ್ತದೆ. ಜಗಳ ಹುಟ್ಟುವುದೇ ಇಲ್ಲಿ.

ಒಂದು ಸಂದರ್ಭ ಹೇಳುತ್ತೇನೆ, ಲೆಕ್ಕ ಹಾಕಿಕೊಳ್ಳುತ್ತಾ ಕೇಳಿ. ನಿಮ್ಮ ಹತ್ತಿರ ಉಳಿದಿರುವುದು 3 ಲೈಫ್. ಎದುರಾಳಿ ಎರಡು ಕ್ರೀಚರ್ ಬಿಟ್ಟಿದ್ದಾನೆ. ಒಂದರ ಪವರ್, ಅಂದರೆ ಅದು ಕೊಡುವ ಪೆಟ್ಟು, 5. ಅದು ಹಾರುವ ಜಾತಿ, ನಿಮ್ಮಿಂದ ತಡೆಯಲು ಆಗಲ್ಲ. ಇನ್ನೊಂದು ಸಣ್ಣದು, ನೆಲದ ಮೇಲೆ ಬರುತ್ತದೆ. ನಿಮ್ಮ ಬಳಿ ಲೈಫ್‌ಲಿಂಕ್ ಇರುವ ಕ್ರೀಚರ್ ಒಂದೇ ಒಂದು, ಅದರ ಪವರ್ 4. ಅದನ್ನು ಆ ಸಣ್ಣದರ ಮುಂದೆ ನಿಲ್ಲಿಸುತ್ತೀರಿ. ಈಗ ಏನಾಗುತ್ತದೆ? 3ರಲ್ಲಿ 5 ಹೋದರೆ ಮೈನಸ್ 2. ಅದಕ್ಕೆ 4 ಸೇರಿದರೆ 2. ನೀವು ಬದುಕಿದ್ದೀರಿ.

ಮಧ್ಯದಲ್ಲಿ ಮೈನಸ್‌ಗೆ ಹೋಗಿದ್ದೆನಲ್ಲ ಅಂತೀರಾ? ಆ ಮಧ್ಯ ಅನ್ನುವುದೇ ಇಲ್ಲ. ಕಾಳಗದ ಪೆಟ್ಟುಗಳೆಲ್ಲ ಒಟ್ಟಿಗೆ ಬೀಳುತ್ತವೆ. ಹೋಗುವ ಲೈಫು, ಬರುವ ಲೈಫು, ಎಲ್ಲ ಒಂದೇ ಏಟಿಗೆ ಆಗಿಬಿಡುತ್ತದೆ. ಅದಾದ ಮೇಲಷ್ಟೇ "ಯಾರದ್ದಾದರೂ ಸೊನ್ನೆಗೆ ಬಂತಾ?" ಎಂದು ಆಟ ತಿರುಗಿ ನೋಡುವುದು.

ಆದರೆ ಮೊದಲಿನಿಂದಲೂ ಹೀಗಿರಲಿಲ್ಲ. 2009ರ ಜುಲೈಗೆ ಮುಂಚೆ ಲೈಫ್‌ಲಿಂಕ್ ಒಂದು ಟ್ರಿಗರ್ ಆಗಿತ್ತು. ಅಂದರೆ ಮೊದಲು ಪೆಟ್ಟು, ಆಮೇಲೆ ಸೊನ್ನೆಯ ತಪಾಸಣೆ, ಅದರಲ್ಲಿ ಉಳಿದರೆ ಲೈಫ್. ಅದೇ 3 ಲೈಫಿನಲ್ಲಿ ಅವತ್ತು ನೀವು ಸೋಲುತ್ತಿದ್ದಿರಿ. ಆ ವರ್ಷ ಮ್ಯಾಜಿಕ್ 2010 ಎಂಬ ಸೆಟ್ ಜೊತೆ ನಿಯಮ ಬದಲಾಯಿತು. ಹಳೇ ಆಟಗಾರರು "ಹಳೇ ನಿಯಮದಲ್ಲಿ ಕೈಚಳಕಕ್ಕೆ ಜಾಗ ಜಾಸ್ತಿ ಇತ್ತು" ಎಂದರೆ ನಾನು ಒಪ್ಪುತ್ತೇನೆ. ಆದರೂ ಹೊಸದೇ ನನಗೆ ಇಷ್ಟ. ಕಾರ್ಡ್ ಓದಿದ ಹೊಸಬನಿಗೆ ಸಹಜವಾಗಿ ಏನು ಅನ್ನಿಸುತ್ತದೋ ಅದೇ ನಡೆಯುತ್ತದೆ.

ಹಳೇ ರೀತಿ ಪೂರ್ತಿ ಸತ್ತಿಲ್ಲ ಅನ್ನುವುದು ಮಜಾ. 1994ರ ಲೆಜೆಂಡ್ಸ್ ಸೆಟ್‌ನಲ್ಲಿ ಬಂದ ಸ್ಪಿರಿಟ್ ಲಿಂಕ್ ಎಂಬ ಕಾರ್ಡ್ ಇದೆ. ಅದನ್ನು ಒಂದು ಕ್ರೀಚರ್‌ಗೆ ಅಂಟಿಸಬೇಕು. ಆ ಕ್ರೀಚರ್ ಪೆಟ್ಟು ಕೊಟ್ಟಾಗಲೆಲ್ಲ ಸ್ಪಿರಿಟ್ ಲಿಂಕ್ ಹಾಕಿದವರು ಯಾರೋ ಅವರಿಗೆ ಲೈಫ್. ಗಮನಿಸಿದಿರಾ? ಕ್ರೀಚರ್‌ನ ಯಜಮಾನನಿಗಲ್ಲ! ಹಾಗಾಗಿ ಇದನ್ನು ಎದುರಾಳಿಯ ದೈತ್ಯನ ಮೇಲೇ ಹಾಕಬಹುದು. ಅವನು 5 ಕಿತ್ತುಕೊಂಡರೆ ಆ 5 ನಿಮಗೇ ವಾಪಸ್. ಆದರೆ ಇದು ಇವತ್ತಿಗೂ ಟ್ರಿಗರ್. ನಿಮ್ಮ ಹತ್ತಿರ 6 ಇದ್ದರೆ 1ಕ್ಕೆ ಇಳಿದು ಮತ್ತೆ 6ಕ್ಕೆ ಏರುತ್ತೀರಿ. 4 ಇದ್ದರೆ ಸತ್ತಿರಿ, ವಾಪಸ್ ಕೊಡಲು ಆಟವೇ ಉಳಿದಿಲ್ಲ. ಲೈಫ್‌ಲಿಂಕ್, ಸ್ಪಿರಿಟ್ ಲಿಂಕ್ ಎರಡೂ ಮೇಲ್ನೋಟಕ್ಕೆ ಒಂದೇ ಕೆಲಸ ಮಾಡುತ್ತವೆ, ಆದರೆ ಮೊದಲನೆಯದು ನಗದು, ಎರಡನೆಯದು ಚೆಕ್ಕು.

ಇನ್ನು ಫಸ್ಟ್ ಸ್ಟ್ರೈಕ್. ಈ ಗುಣ ಇರುವ ಕ್ರೀಚರ್ ಕಾಳಗದಲ್ಲಿದ್ದರೆ ಪೆಟ್ಟಿನ ಸುತ್ತು ಎರಡಾಗುತ್ತದೆ. ಮೊದಲ ಸುತ್ತು ಅಂಥವಕ್ಕೆ, ಎರಡನೆಯದು ಉಳಿದವಕ್ಕೆ. ನಡುವೆ ಸೊನ್ನೆಯ ತಪಾಸಣೆ ನಡೆದೇ ನಡೆಯುತ್ತದೆ. ನಮ್ಮ ಹಳೇ ಲೆಕ್ಕದಲ್ಲಿ ಆ ಹಾರುವ ಕ್ರೀಚರ್‌ಗೆ ಫಸ್ಟ್ ಸ್ಟ್ರೈಕ್ ಇದ್ದಿದ್ದರೆ? ನಿಮ್ಮ ಲೈಫ್‌ಲಿಂಕ್ ಕೈ ಎತ್ತುವ ಮೊದಲೇ ನಿಮ್ಮ ಕಥೆ ಮುಗಿದಿರುತ್ತಿತ್ತು. ಬ್ಲಾಕ್ ಮಾಡುವಾಗ ಎಷ್ಟೋ ಜನ ಇದನ್ನು ನೋಡುವುದಿಲ್ಲ. ಪವರ್ ಮಾತ್ರ ಕೂಡಿಸುತ್ತಾ ಕೂರುತ್ತಾರೆ.

ಪವರ್ ವಿಷಯ ಬಂತಲ್ಲ, ಇನ್ನೊಂದು ಮಾತು. 4 ಪವರ್‌ನ ಲೈಫ್‌ಲಿಂಕ್ ಕ್ರೀಚರ್ ಒಂದು ಚಿಕ್ಕ ಕ್ರೀಚರ್‌ಗೆ ಹೊಡೆಯಿತು ಅನ್ನಿ. ಅದನ್ನು ಕೊಲ್ಲಲು 1 ಸಾಕಿತ್ತು. ನಿಮಗೆ ಸಿಗುವುದು 1 ಅಲ್ಲ, ಪೂರ್ತಿ 4. ಬಿದ್ದ ಪೆಟ್ಟು ಲೆಕ್ಕಕ್ಕೆ, ಬೇಕಾದ ಪೆಟ್ಟಲ್ಲ. ಅದೇ ಯಾರಾದರೂ ಇನ್ನೊಂದು ಕಾರ್ಡ್ ಹಾಕಿ ಪೆಟ್ಟನ್ನೇ ತಡೆದರೆ, ಬಿದ್ದದ್ದು ಸೊನ್ನೆ, ಸಿಕ್ಕಿದ್ದೂ ಸೊನ್ನೆ.

ಅಜಾನೀಸ್ ಪ್ರೈಡ್‌ಮೇಟ್ ಎಂಬ ಕ್ರೀಚರ್ ಇದೆ. ನಿಮಗೆ ಲೈಫ್ ಬಂದಾಗಲೆಲ್ಲ ಅದು ಒಂದು ಸುತ್ತು ದಪ್ಪ ಆಗುತ್ತದೆ. ಎರಡು ಲೈಫ್‌ಲಿಂಕ್ ಕ್ರೀಚರ್ ಒಟ್ಟಿಗೆ ಹೊಡೆದರೆ ಅದನ್ನು ಎರಡು ಸಲ ಲೈಫ್ ಬಂದಂತೆ ಎಣಿಸುತ್ತಾರೆ, ಪ್ರೈಡ್‌ಮೇಟ್ ಎರಡು ಸಲ ಬೆಳೆಯುತ್ತದೆ. ಒಂದೇ ಕ್ರೀಚರ್ ಏಕಕಾಲಕ್ಕೆ ಮೂವರಿಗೆ ಹೊಡೆದರೆ ಮಾತ್ರ ಒಂದೇ ಸಲ. ಮತ್ತೆ ಅದೇ ಕಾಳಗದಲ್ಲಿ ಪ್ರೈಡ್‌ಮೇಟ್‌ಗೂ ಸಾಯುವಷ್ಟು ಪೆಟ್ಟು ಬಿದ್ದಿದ್ದರೆ ಈ ಬೆಳವಣಿಗೆ ಅದನ್ನು ಉಳಿಸುವುದಿಲ್ಲ. ಬೆಳೆಯುವುದು ಟ್ರಿಗರ್, ಸಾಯುವುದು ಅದಕ್ಕೂ ಮೊದಲು.

ಇದೆಲ್ಲ ಕೇಳಿ ಲೈಫ್‌ಲಿಂಕ್ ಇದ್ದರೆ ಸೋಲೇ ಇಲ್ಲ ಅಂದುಕೊಳ್ಳಬೇಡಿ. ಸ್ಕಲ್‌ಕ್ರ್ಯಾಕ್ ಎಂಬ ಕೆಂಪು ಕಾರ್ಡ್‌ಗೆ ಖರ್ಚು ಎರಡೇ ಮಾನಾ; ಮಾನಾ ಅಂದರೆ ಕಾರ್ಡ್ ಆಡಲು ತೆರಬೇಕಾದ ಶಕ್ತಿ. ಆ ಕಾರ್ಡ್ ನಿಮಗೆ 3 ಪೆಟ್ಟು ಕೊಡುವುದಲ್ಲದೆ, ಆ ಟರ್ನ್ ಮುಗಿಯುವ ತನಕ ಯಾರಿಗೂ ಲೈಫ್ ಸಿಗದ ಹಾಗೆ ಮಾಡುತ್ತದೆ. ಬುದ್ಧಿವಂತ ಎದುರಾಳಿ ನೀವು ಬ್ಲಾಕ್ ಮಾಡುವ ತನಕ ಸುಮ್ನೆ ಕೂತಿದ್ದು, ಆಮೇಲೆ ಅದನ್ನು ಎಸೆಯುತ್ತಾನೆ.

ಇನ್ನು ಕಮಾಂಡರ್ ಎಂಬ ಬಗೆಯ ಆಟದಲ್ಲಿ ಎಲ್ಲರೂ 40 ಲೈಫಿನಿಂದ ಶುರು ಮಾಡುತ್ತಾರೆ. ಅಲ್ಲಿ ಪ್ರತಿ ಆಟಗಾರನಿಗೂ ಕಮಾಂಡರ್ ಎಂಬ ಮುಖ್ಯ ಕಾರ್ಡ್ ಇರುತ್ತದೆ; ಒಂದೇ ಕಮಾಂಡರ್‌ನಿಂದ ಒಟ್ಟು 21 ಕಾಳಗದ ಪೆಟ್ಟು ತಿಂದರೆ ನೀವು ಔಟ್. ಆ ಎಣಿಕೆ ಬೇರೆಯೇ ನಡೆಯುತ್ತದೆ, ಲೈಫ್ ಬಂದರೆ ಅದು ಇಳಿಯುವುದಿಲ್ಲ. ಚೀಟಿಯಲ್ಲಿ ನಿಮ್ಮ ಲೈಫ್ 90 ಅಂತ ಇದ್ದರೂ ಅಷ್ಟೇ. ಕಮಾಂಡರ್ ಆಡಲು ಕೂರುವವರು ಅದಕ್ಕೆ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿಟ್ಟುಕೊಳ್ಳಿ.

ನಮಸ್ಕಾರ.