ಸದನದಲ್ಲಿ ಮಂತ್ರಿಗಳ ಉತ್ತರ

ಕೇಳುಗ ಬಂಧುಗಳಿಗೆ ನಮಸ್ಕಾರ.

ಬೆಳಗಾವಿಯ ಚಳಿಗಾಲದ ಅಧಿವೇಶನ ಅಂದಕೂಡಲೇ ನಮಗೆ ನೆನಪಾಗುವುದು ಹೊರಗಿನ ಧರಣಿ. ಕಬ್ಬು ಬೆಳೆಗಾರರು, ಅತಿಥಿ ಉಪನ್ಯಾಸಕರು, ಅಂಗನವಾಡಿ ಅಕ್ಕಂದಿರು ಶಾಮಿಯಾನದಡಿ ಕೂತಿರುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಅವರ ಫೋಟೊ ಬರುತ್ತದೆ, ಬರಲೇಬೇಕು. ಆದರೆ ಅವರೆಲ್ಲ ಯಾರನ್ನು ಕುರಿತು ಕೂಗುತ್ತಿದ್ದರೋ ಆ ಮಂತ್ರಿ ಅದೇ ಹೊತ್ತಿಗೆ ಸುವರ್ಣ ವಿಧಾನಸೌಧದೊಳಗೆ ಎದ್ದು ನಿಂತು ಏನು ಉತ್ತರ ಕೊಟ್ಟರು? ಅದು ನಮಗೆ ಗೊತ್ತಾಗುವುದೇ ಇಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಉತ್ತರದ ಬಗ್ಗೆ.

ಬೆಳಗಾವಿಯಲ್ಲಿ ಮೊದಲ ಅಧಿವೇಶನ ನಡೆದದ್ದು 2006ರಲ್ಲಿ. ಹಲಗಾ ಬಳಿಯ ಸುವರ್ಣ ವಿಧಾನಸೌಧವನ್ನು 2012ರ ಅಕ್ಟೋಬರ್ 11ರಂದು ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಉದ್ಘಾಟಿಸಿದರು. ಅಷ್ಟು ದೊಡ್ಡ ಕಟ್ಟಡ ನಮ್ಮ ಹೊಲಗಳ ನಡುವೆ ಎದ್ದು ನಿಂತದ್ದು ಯಾಕೆ? ಸರಕಾರ ಈ ಭಾಗಕ್ಕೆ ಬಂದು, ಈ ಭಾಗದ ಮುಂದೆ, ತನ್ನ ನೀತಿಯನ್ನು ಸಮರ್ಥಿಸಿಕೊಳ್ಳಲಿ ಎಂದು. ಸಂವಿಧಾನದ 164ನೇ ವಿಧಿ ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ ಎನ್ನುತ್ತದೆ. ಯಾವ ಖಾತೆಯ ಮಂತ್ರಿ ಎದ್ದು ನಿಂತರೂ ಅವರ ಬಾಯಿಂದ ಬರುವುದು ಇಡೀ ಸರಕಾರದ ಮಾತು. ಸಮರ್ಥನೆ ಅಂದರೆ ಜಾರಿಕೊಳ್ಳುವುದು ಎಂದು ನಾವು ಮೂಗು ಮುರಿಯುತ್ತೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಂತ್ರಿ ಸಮರ್ಥಿಸಿಕೊಳ್ಳುವಷ್ಟು ಹೊತ್ತಾದರೂ ಲೆಕ್ಕ ಎಲ್ಲರ ಕಣ್ಣಮುಂದೆ ಇರುತ್ತದೆ.

ಆ ಲೆಕ್ಕವನ್ನೇ ಸ್ವಲ್ಪ ನೋಡೋಣ. 2025-26ರ ರಾಜ್ಯ ಬಜೆಟ್ 4,09,549 ಕೋಟಿ ರೂಪಾಯಿ. ಇದರಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ, ಅಂದರೆ ನೂರು ರೂಪಾಯಿಗೆ ಹನ್ನೆರಡೂವರೆ ರೂಪಾಯಿಯ ಸುಮಾರು. ಗೃಹಲಕ್ಷ್ಮಿ ಒಂದಕ್ಕೇ 28,608 ಕೋಟಿ. ರಸ್ತೆ, ಕಾಲುವೆ, ಆಸ್ಪತ್ರೆ, ಶಾಲೆ ಕಟ್ಟಡ ಇವೆಲ್ಲ ಬರುವ ಬಂಡವಾಳ ವೆಚ್ಚಕ್ಕೆ 71,336 ಕೋಟಿ. ಗ್ಯಾರಂಟಿಯಿಂದ ಅಭಿವೃದ್ಧಿ ನಿಂತೇಹೋಯಿತು ಎಂದು ಒಂದು ಕಡೆಯವರು ಹೇಳಿದಾಗ ಮಂತ್ರಿ ತೋರಿಸುವುದು ಈ ಅಂಕಿಯನ್ನೇ. ವಿತ್ತೀಯ ಕೊರತೆ, ಅಂದರೆ ಆದಾಯ ಸಾಲದೆ ಸಾಲದಿಂದ ತುಂಬಬೇಕಾದ ಮೊತ್ತ, ರಾಜ್ಯದ ಒಟ್ಟು ಉತ್ಪನ್ನದ ಶೇಕಡಾ 2.95ರಷ್ಟು, ಕಾನೂನಿನ ಮಿತಿ ಶೇಕಡಾ 3. ಒಟ್ಟು ಸಾಲದ ಹೊರೆ ಅದೇ ಉತ್ಪನ್ನದ ಶೇಕಡಾ 24.91ರಷ್ಟು, ಮಿತಿ ಶೇಕಡಾ 25. ನಾವು ಗೆರೆ ದಾಟಿಲ್ಲ ಎನ್ನುತ್ತಾರೆ. ಖರೆ, ದಾಟಿಲ್ಲ. ಆದರೆ ಗೆರೆಗೂ ನಮಗೂ ನಡುವೆ ಉಳಿದಿರುವ ಜಾಗ ಎಷ್ಟು ಎಂಬುದನ್ನೂ ಅದೇ ಅಂಕಿ ಹೇಳುತ್ತದೆ. ಮೇಲಾಗಿ ರಾಜಸ್ವ ಕೊರತೆ 19,262 ಕೋಟಿ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಇಂಥ ದಿನದ ಖರ್ಚಿಗೇ ಅಷ್ಟು ಸಾಲ ತರಬೇಕು. ಈ ಮಾತಿಗೆ ಮಂತ್ರಿಗಳು ಉತ್ತರ ಕೊಡದೆ ಕುಳಿತುಕೊಳ್ಳಬಾರದು.

ಹಾಗಂತ ನಾನು ಈ ಯೋಜನೆಗಳ ವಿರೋಧಿಯಲ್ಲ. ಬೈಲಹೊಂಗಲ ಬಸ್ ನಿಲ್ದಾಣದಲ್ಲಿ ಸಂತೆಯ ದಿನ ಒಂದು ತಾಸು ನಿಂತರೆ ಸಾಕು, ಶಕ್ತಿ ಯೋಜನೆಯ ಅರ್ಥ ಗೊತ್ತಾಗುತ್ತದೆ. ಕೊತ್ತಂಬರಿ, ಮೆಂತ್ಯ ಸೊಪ್ಪಿನ ಗಂಟು ಹೊತ್ತ ತಾಯಂದಿರು ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಾರೆ. ಕಂಡಕ್ಟರ್ ಬಂದಾಗ ಗಂಟು ಬಿಚ್ಚುತ್ತಾರೆ, ತೋರಿಸುತ್ತಾರೆ, ಮತ್ತೆ ಕಟ್ಟುತ್ತಾರೆ. ಮೊದಲು ಬಸ್ ಚಾರ್ಜಿಗೆ ಹೋಗುತ್ತಿದ್ದ ದುಡ್ಡು ಈಗ ಮನೆಗೆ ಹೋಗುತ್ತದೆ. ಇದನ್ನು ಯಾರಾದರೂ ಬಿಟ್ಟಿ ಎಂದು ಹೀಯಾಳಿಸಿದರೆ ನನಗೆ ಸಿಟ್ಟು ಬರುತ್ತದೆ. ಆದರೆ ಕಂಡಕ್ಟರ್ ಹರಿದುಕೊಡುವ ಆ ಶೂನ್ಯ ಟಿಕೆಟ್‌ಗೂ ಬೆಲೆ ಇದೆ. ಅದನ್ನು ಸರಕಾರ ಸಾರಿಗೆ ಸಂಸ್ಥೆಗೆ ತುಂಬಿಕೊಡಬೇಕು. ತುಂಬಿಕೊಡುವುದು ತಡವಾದರೆ ಹೊಸ ಬಸ್ಸು ಬರುವುದು ತಡವಾಗುತ್ತದೆ, ಇದ್ದ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಶಾಲೆಯ ಹುಡುಗರು ಬಾಗಿಲಿಗೆ ಜೋತುಬೀಳುತ್ತಾರೆ. ಎಷ್ಟು ಕೋಟಿ ಜನ ಓಡಾಡಿದರು ಎಂದು ಮಂತ್ರಿಗಳು ಸದನದಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಅದರ ಜೊತೆಗೇ ಸಂಸ್ಥೆಗೆ ಕೊಡಬೇಕಾದ ಬಾಕಿ ಎಷ್ಟು ಎಂದೂ ಹೇಳಿದರೆ ಸಮರ್ಥನೆಗೆ ತೂಕ ಬರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಗೂ ಇದೇ ಮಾತು. ಕಂತು ಯಾವ ತಿಂಗಳದ್ದು, ಬಂದದ್ದು ಯಾವಾಗ ಎಂಬುದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುತ್ತದೆ. ಅಲ್ಲಿರುವುದು ಮತ್ತು ಸದನದಲ್ಲಿ ಹೇಳಿದ್ದು ಒಂದೇ ಆಗಿರಬೇಕು.

ಈಗ ಆಲಮಟ್ಟಿಗೆ ಬರೋಣ. ಬಾಗಲಕೋಟೆ, ವಿಜಯಪುರದವರಿಗೆ ಇದಕ್ಕಿಂತ ದೊಡ್ಡ ಆರ್ಥಿಕ ನೀತಿ ಬೇರೊಂದಿಲ್ಲ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಶಂಕುಸ್ಥಾಪನೆ ಮಾಡಿದ ಅಣೆಕಟ್ಟು ಇದು. ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು, ರಾಜ್ಯಗಳ ನಡುವೆ ಕೃಷ್ಣಾ ನದಿಯ ನೀರು ಹಂಚುವ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿತು. ಪ್ರತಿ ಅಧಿವೇಶನದಲ್ಲೂ ಪ್ರಶ್ನೆ ಬರುತ್ತದೆ, ಕೇಂದ್ರದ ಅಧಿಸೂಚನೆ ಆಗಿಲ್ಲ, ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದೆ ಎಂದು ಉತ್ತರವೂ ಬರುತ್ತದೆ. ಯಾವ ಪಕ್ಷದ ಸರಕಾರವಿದ್ದರೂ ಇದೇ. ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ. ಮುಳುಗಡೆಯಾಗುವ 75,563 ಎಕರೆಯ ರೈತರಿಗೆ ಪರಿಹಾರ ಕೊಡುವುದು ರಾಜ್ಯದ ಕೈಯಲ್ಲೇ ಇರುವ ಕೆಲಸ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ಎಂದು ನಿಗದಿ ಮಾಡಿತು. ಒಳ್ಳೆಯ ನಿರ್ಧಾರ, ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಎಲ್ಲ ಜಮೀನನ್ನೂ ಒಣಬೇಸಾಯ ಎಂದೇ ಹಿಡಿದರೂ ಪರಿಹಾರ 22,600 ಕೋಟಿ ದಾಟುತ್ತದೆ. ಇಡೀ ರಾಜ್ಯದ ಒಂದು ವರ್ಷದ ಬಂಡವಾಳ ವೆಚ್ಚದ ಹತ್ತಿರ ಹತ್ತಿರ ಮೂರನೇ ಒಂದು ಪಾಲು. ಈ ಹಣ ಯಾವ ವರ್ಷ ಎಷ್ಟು ಬರುತ್ತದೆ? ದರ ಗೊತ್ತಾಗಿದೆ, ದಿನ ಗೊತ್ತಾಗಿಲ್ಲ. ಇವತ್ತೋ ನಾಳೆಯೋ ಮುಳುಗುವ ಹೊಲ ಎಂದು ಬೋರ್ ಕೊರೆಸದೆ, ಮನೆ ದುರಸ್ತಿ ಮಾಡದೆ, ಮಗಳ ಮದುವೆಗೆ ಹೊಲ ಮಾರೋಣವೆಂದರೆ ಕೊಳ್ಳುವವರೂ ಇಲ್ಲದೆ ಕೂತ ಕುಟುಂಬಗಳಿಗೆ ಬೇಕಾಗಿರುವುದು ಆ ದಿನ.

ಇನ್ನೊಂದು ಮಾತು ಚಿಕ್ಕದಾಗಿ. ಹಿಂದುಳಿದ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಅನುಕೂಲ ಕಲ್ಯಾಣ ಕರ್ನಾಟಕಕ್ಕೆ ಇದೆ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಈ ಮೂರು ಜಿಲ್ಲೆಗಳಿಗೆ ಇಲ್ಲ. ಹಾಗಾಗಿ ನಮಗೆ ಅನುದಾನ ಕೇಳಲು ಇರುವ ದೊಡ್ಡ ಜಾಗ ಸದನವೇ.

ಲಿಖಿತ ಉತ್ತರದ ಹಾಳೆಯನ್ನು ಎಷ್ಟು ಜನ ನೋಡಿದ್ದೀರೋ ಗೊತ್ತಿಲ್ಲ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, ಅ, ಆ, ಇ ಎಂದು ಸಾಲುಗಳು. ಈ ವಿಷಯ ಸರಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. ಬಂದಿದ್ದಲ್ಲಿ ಕೈಗೊಂಡ ಕ್ರಮವೇನು? ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು. ಇಲ್ಲಿಗೆ ನಿಂತರೆ ಅದು ಉತ್ತರವಾಗುವುದಿಲ್ಲ. ಶಾಸಕರು ಎದ್ದು ಉಪಪ್ರಶ್ನೆ ಕೇಳಿದಾಗಲೇ ಮಂತ್ರಿ ನಿಜವಾಗಿ ಉತ್ತರಿಸಬೇಕಾಗುತ್ತದೆ. ಆ ಹೊತ್ತಿನಲ್ಲೇ ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗಿಳಿದು ಘೋಷಣೆ ಕೂಗಿದರೆ, ಸಭಾತ್ಯಾಗ ಮಾಡಿದರೆ, ಮಂತ್ರಿಗೆ ಅದಕ್ಕಿಂತ ಆರಾಮ ಬೇರೆ ಇಲ್ಲ. ಗದ್ದಲದ ನಡುವೆ ಉತ್ತರ ಓದಿ ಮುಗಿಸಬಹುದು, ಮಸೂದೆಗಳೂ ಚರ್ಚೆಯಿಲ್ಲದೆ ಪಾಸಾಗುತ್ತವೆ. ವಿರೋಧ ಪಕ್ಷದವರು ಯಾರೇ ಆಗಿರಲಿ, ನಮ್ಮ ಭಾಗದ ಪ್ರಶ್ನೆ ಬಂದ ದಿನ ಕುರ್ಚಿ ಬಿಡಬಾರದು ಎಂದು ನಾವು ಮತದಾರರು ಅವರಿಗೆ ಹೇಳಬೇಕು.

ಮಂತ್ರಿ ಸದನದಲ್ಲಿ ಮಾಡುತ್ತೇವೆ ಎಂದು ಕೊಟ್ಟ ಮಾತು ಗಾಳಿಗೆ ಹೋಗುವಂಥದ್ದಲ್ಲ. ಅದನ್ನು ಬೆನ್ನು ಹತ್ತಲೆಂದೇ ಸರಕಾರಿ ಭರವಸೆಗಳ ಸಮಿತಿ ಇದೆ. ಕೊಟ್ಟ ಭರವಸೆ ಈಡೇರಿತೋ ಇಲ್ಲವೋ ಎಂದು ಅದು ಇಲಾಖೆಯನ್ನು ಕರೆದು ಕೇಳುತ್ತದೆ. ಪ್ರಶ್ನೋತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ. ನಿಮ್ಮೂರಿನ ಕಾಲೇಜು ಹುಡುಗರ ಮೊಬೈಲಿನಲ್ಲೇ ತೆಗೆಸಿ ಓದಬಹುದು, ಗ್ರಾಮಸಭೆಯಲ್ಲಿ ಓದಿ ಹೇಳಬಹುದು, ಶಾಸಕರು ಊರಿಗೆ ಬಂದಾಗ ಅದೇ ಹಾಳೆ ಅವರ ಕೈಗಿಡಬಹುದು.

ಮುಂದಿನ ಅಧಿವೇಶನಕ್ಕೆ ಆಲಮಟ್ಟಿ ಹಿನ್ನೀರಿನ ಊರುಗಳವರು ತಮ್ಮ ಶಾಸಕರಿಂದ ಕೇಳಿಸಬೇಕಾದದ್ದು ಇಷ್ಟು: ಇಲ್ಲಿಯತನಕ ಎಷ್ಟು ಎಕರೆಗೆ ಹಣ ಸಂದಾಯವಾಗಿದೆ, ಎಷ್ಟು ಬಾಕಿ ಇದೆ, ಉಳಿದದ್ದು ಯಾವ ತಿಂಗಳೊಳಗೆ ಕೊಡುತ್ತೀರಿ. ನಮಸ್ಕಾರ.